ಮೂರು ದಿನಗಳ ಪ್ರವಾಸವೂ ಮನೆಬಾಗಿಲಿನ ಕಾಡೂ

ದೇಶಸಂಚಾರವೆಂಬುದು ನಮ್ಮ ಹಿರಿಯರಿಗೆ ತೀರ್ಥಯಾತ್ರೆಯಾಗಿದ್ದಿತು. ಕಾಶಿಗೆ ಹೊರಟವನು ಹಿಂದಿರುಗುವನೆಂಬ ಭರವಸೆಯಿಲ್ಲದೆ ಬಂಧುಗಳು ಊರ ಗಡಿಯವರೆಗೂ ಬಂದು ಬೀಳ್ಕೊಡುತ್ತಿದ್ದ ಕಾಲವು ಬಹಳ ಹಿಂದಿನದೇನೂ ಅಲ್ಲ. ಈಗಲಾದರೋ ದಕ್ಷಿಣ ಬೆಂಗಳೂರಿನ ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆಗಳ ಗೃಹಸ್ಥರಿಗೆ ಎರಡು ದಿನಗಳ ರಜೆಯು ಒಟ್ಟಿಗೆ ದೊರೆತರೆ ಸಾಕು. ಮೂರನೆಯ ದಿನವನ್ನು ಕಚೇರಿಯಿಂದ ಬೇಡಿ ಪಡೆದು, ಊಟ, ವಸತಿ, ಮಾರ್ಗದರ್ಶನ ಸಹಿತವೆಂಬ ಒಕ್ಕಣೆಯುಳ್ಳ ಪ್ರವಾಸದ ಬಸ್ಸನ್ನು ಏರಿಬಿಡುವರು. ನಾವು ಇದನ್ನು ಆಕ್ಷೇಪಿಸುವವರಲ್ಲ. ನಾಡನ್ನು ಕಾಣದವನಲ್ಲಿ ನಾಡಿನ ಅಭಿಮಾನವು ನೆಲೆಗೊಳ್ಳುವುದು ಕಷ್ಟ. ಆದರೆ ಈ ಬಸ್ಸುಗಳು ಏನನ್ನು ತೋರಿಸುತ್ತಿರುವುವು, ನಮ್ಮವರು ಏನನ್ನು ನೋಡಿ ಬರುತ್ತಿರುವರು ಎಂಬುದನ್ನು ಕೂಲಂಕಷವಾಗಿ ವಿಚಾರಿಸಬೇಕಾಗಿದೆ. ಅನ್ಯರ ಬಾಯಿಂದ ಕೇಳಿ ಬರೆಯುವುದಕ್ಕಿಂತ ಕಂಡು ಬರೆಯುವುದು ಲೇಸೆಂದು, 2024ರ ಡಿಸೆಂಬರಿನಲ್ಲಿ ನಾವೇ ಟಿಕೆಟು ಕೊಂಡು ಅಂತಹುದೊಂದು ಬಸ್ಸಿನಲ್ಲಿ ಕುಳಿತೆವು. ಮೈಸೂರು, ಬಂಡೀಪುರ, ಉದಕಮಂಡಲ. ಮೂರು ದಿನ, ಎರಡು ರಾತ್ರಿ.

ಬೆಳಗಿನ ಐದು ಗಂಟೆಗೆ ಬಿ. ಟಿ. ಎಂ. ಬಡಾವಣೆಯಿಂದ ಹೊರಟ ಬಸ್ಸು ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಒಂದು ಗುಂಪನ್ನೂ, ಜೆ. ಪಿ. ನಗರದಲ್ಲಿ ಮತ್ತೊಂದನ್ನೂ ಹತ್ತಿಸಿಕೊಂಡು, ಬನಶಂಕರಿಯ ದೇವಸ್ಥಾನದ ಬಳಿಗೆ ಬರುವಷ್ಟರಲ್ಲಿ ಆರೂವರೆ ಗಂಟೆಯಾಗಿದ್ದಿತು. ಕಾಯುವಿಕೆಯಲ್ಲಿ ಪರಿಚಯಗಳಾದುವು. ನಮ್ಮ ಪಕ್ಕದ ಆಸನದಲ್ಲಿ ಕುಳಿತವರು ಜಯನಗರದ ನಿವೃತ್ತ ಅಧಿಕಾರಿಗಳೊಬ್ಬರು, ಸಪತ್ನೀಕರಾಗಿ ಬಂದಿದ್ದರು, ಕೈಯಲ್ಲಿ ಪುಳಿಯೋಗರೆಯ ಡಬ್ಬಿ, ಕೊರಳಲ್ಲಿ ದುರ್ಬೀನು. 1948ರಲ್ಲಿ ರಾಜಗೋಪಾಲಾಚಾರ್ಯರು ಅಡಿಗಲ್ಲಿಟ್ಟ ತಮ್ಮ ಬಡಾವಣೆಯ ವಿಚಾರದಲ್ಲಿ ಅವರಿಗೆ ನ್ಯಾಯವಾದ ಹೆಮ್ಮೆಯಿದ್ದಿತು. ಬಿ. ಟಿ. ಎಂ. ಎಂಬ ಹೆಸರಿನ ಅರ್ಥವನ್ನು ಹಿಂದಿನ ಸಾಲಿನ ತರುಣನೊಬ್ಬನು ಕೇಳಲಾಗಿ, ಅದು ಬೈರಸಂದ್ರ, ತಾವರೆಕೆರೆ, ಮಡಿವಾಳವೆಂಬ ಮೂರು ಊರುಗಳ ಹೆಸರಿನಿಂದ ಒಂದೊಂದು ಇಂಗ್ಲಿಷ್ ಅಕ್ಷರವನ್ನು ಕಿತ್ತು ಪೋಣಿಸಿದುದೆಂದು ಅವರೇ ವಿವರಿಸಿದರು. ತರುಣನು ಅಲ್ಲಿ ಆರು ವರ್ಷಗಳಿಂದ ವಾಸವಾಗಿದ್ದನಂತೆ! ಊರನ್ನು ನುಂಗಿ ಅದರ ಹೆಸರಿನ ಒಂದಕ್ಷರವನ್ನು ಮಾತ್ರ ಉಳಿಸುವ ಈ ವಿದ್ಯೆಯ ವಿಚಾರವಾಗಿ ಮುಂದೆ ಒಂದು ಮಾತನ್ನು ಹೇಳುವುದಿದೆ.

ಮೈಸೂರಿನ ಹೊಸ ಹೆದ್ದಾರಿಯು 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತಷ್ಟೆ. ನೂರ ಹತ್ತೊಂಬತ್ತು ಕಿಲೋಮೀಟರುಗಳ ಈ ಮಾರ್ಗವು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬದಿಗಿಟ್ಟು ಸಾಗುವುದು. ವೇಗವು ಹೆಚ್ಚಿತೆಂಬುದು ನಿಜ. ಹಿಂದೆ ಮೂರು ಗಂಟೆ ಹಿಡಿಯುತ್ತಿದ್ದ ದಾರಿಯು ಅದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಿನ ಕಾಲದಲ್ಲಿ ಕಳೆಯಿತು. ಆದರೆ ಚನ್ನಪಟ್ಟಣದ ಗೊಂಬೆಯಾಗಲಿ ಮದ್ದೂರಿನ ವಡೆಯಾಗಲಿ ಈಗ ದಾರಿಯ ಫಲಕದ ಮೇಲಿನ ಹೆಸರುಗಳು. ಉಪಾಹಾರಕ್ಕೆ ನಮ್ಮನ್ನು ಇಳಿಸಿದ ಸ್ಥಳವು ಯಾವ ಊರಿಗೂ ಸೇರದ ಒಂದು ದೊಡ್ಡ ಭೋಜನಶಾಲೆ. ಅಲ್ಲಿ ಮದ್ದೂರು ವಡೆಯೆಂದು ಕೊಟ್ಟ ಪದಾರ್ಥವನ್ನು ಕುರಿತು ಏನನ್ನೂ ಹೇಳದಿರುವುದು ಉತ್ತಮ.

ಶ್ರೀರಂಗಪಟ್ಟಣಕ್ಕೆ ನಲವತ್ತು ನಿಮಿಷ. 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಇಂಗ್ಲಿಷರ ಸೇನೆಯು ಹೈದರ್ ಮತ್ತು ಟೀಪುವಿನ ಕೈಯಲ್ಲಿ ಸೋತ ಬಗೆಯನ್ನು ಆಳು ಆಳಾಗಿ, ಕುದುರೆ ಕುದುರೆಯಾಗಿ ಬರೆದಿರುವರು. ಒಂದು ಗಂಟೆ ನಿಂತು ನೋಡತಕ್ಕ ಗೋಡೆಯದು. ಚಪ್ಪಲಿ ಬಿಡುವುದಕ್ಕೂ ತೊಡುವುದಕ್ಕೂ ಹೋದ ಹೊತ್ತನ್ನು ಕಳೆದರೆ ನಮಗೆ ದೊರೆತುದು ಏಳು ನಿಮಿಷ. ಮೈಸೂರಿನ ಅರಮನೆಗೆ ಐವತ್ತು ನಿಮಿಷ. ಹಳೆಯ ಮರದ ಅರಮನೆಯು 1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಬೆಂಕಿಗಾಹುತಿಯಾದುದು, ಹೊಸದು 1912ರಲ್ಲಿ ಮುಗಿದುದು, ಅದಕ್ಕೆ ನಲವತ್ತೊಂದು ಲಕ್ಷ ರೂಪಾಯಿಗಳಿಗೂ ಮೀರಿ ವೆಚ್ಚವಾದುದು, ಇವಿಷ್ಟನ್ನು ಮಾರ್ಗದರ್ಶಿಯು ನಡೆಯುತ್ತ ನಡೆಯುತ್ತಲೇ ಒಪ್ಪಿಸಿದನು. ಬಳಿಕ ರೇಷ್ಮೆ ಮತ್ತು ಗಂಧದ ಸಾಮಾನುಗಳ ಅಂಗಡಿಯೊಂದಕ್ಕೆ ಒಂದು ಗಂಟೆ ಹತ್ತು ನಿಮಿಷ. ಅಂಗಡಿಗೂ ಬಸ್ಸಿನವರಿಗೂ ಇರುವ ಬಾಂಧವ್ಯವನ್ನು ವಾಚಕರು ಊಹಿಸಬಲ್ಲರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಸರ್ಕಾರದ ರೇಷ್ಮೆ ನೇಯ್ಗೆಯ ಕಾರ್ಖಾನೆಯು ಅದೇ ಊರಿನಲ್ಲಿದೆ. ಅದು ನಮ್ಮ ಕಾರ್ಯಕ್ರಮದಲ್ಲಿರಲಿಲ್ಲ.

ಈ ಮಾರ್ಗದರ್ಶಿಯ ವಿಷಯವಾಗಿ ನಾಲ್ಕು ಮಾತು ಅವಶ್ಯ. ಇಪ್ಪತ್ತೈದು ದಾಟದ ತರುಣ. ಬಸ್ಸಿನಲ್ಲಿದ್ದ ಮೂವತ್ತೆಂಟು ಮಂದಿಯಲ್ಲಿ ಕನ್ನಡವನ್ನು ಬಲ್ಲವರು ಮುಕ್ಕಾಲು ಪಾಲು. ಆದರೂ ಅವನು ಮೊದಲ ದಿನವೆಲ್ಲ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಮಾತನಾಡಿದನು. ಎರಡೂ ಅವನಿಗೆ ಬಾಯಿಪಾಠ. ಪುಸ್ತಕವನ್ನು ಮುಚ್ಚಿದಂತೆ ಒಂದು ವಾಕ್ಯದ ನಡುವೆ ತಡೆದು ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ರಾತ್ರಿಯ ಊಟವಾದ ಮೇಲೆ ನಾವು ಕನ್ನಡದಲ್ಲಿ ಊರು ಕೇರಿಗಳನ್ನು ವಿಚಾರಿಸಲಾಗಿ, ಗುಂಡ್ಲುಪೇಟೆಯ ಸೀಮೆಯ, ಕಾಡಂಚಿನ ಹಳ್ಳಿಯವನೆಂದೂ, ತಂದೆಗೆ ಮೂರು ಎಕರೆ ಹೊಲವಿರುವುದೆಂದೂ, ರಾಗಿ ಕೊಯ್ಲಿನ ಕಾಲದಲ್ಲಿ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕುಳಿತು ಆನೆ ಕಾದವನೆಂದೂ ತಿಳಿದುಬಂದಿತು. ಆಗ ಅವನ ಮಾತು ಹೊಳೆಯಂತೆ ಹರಿಯಿತು. “ನಾಳೆ ಕಾಡಿನಲ್ಲಿ ಇದನ್ನೇ ಎಲ್ಲರಿಗೂ ಹೇಳಬಾರದೇಕೆ?” ಎಂದೆವು. “ಯಾರು ಕೇಳುತ್ತಾರೆ ಸ್ವಾಮಿ? ಹುಲಿ ಕಂಡರೆ ಡ್ರೈವರಿಗೆ ಬಕ್ಷೀಸು, ಕಾಣದಿದ್ದರೆ ನನಗೆ ಬೈಗುಳ” ಎಂದನು.

ಮಾರನೆಯ ದಿನ ನಂಜನಗೂಡು, ಗುಂಡ್ಲುಪೇಟೆಗಳ ಮಾರ್ಗವಾಗಿ ಬಂಡೀಪುರವನ್ನು ಸೇರಿದಾಗ ಮಂಜಿನ್ನೂ ಕರಗಿರಲಿಲ್ಲ. ಮೈಸೂರು ಅರಸರ ಬೇಟೆಯ ನೆಲೆಯಾಗಿದ್ದ ಈ ಅರಣ್ಯದಲ್ಲಿ 1931ರಲ್ಲಿ ಸುಮಾರು ತೊಂಬತ್ತು ಚದರ ಕಿಲೋಮೀಟರುಗಳನ್ನು ವನ್ಯಮೃಗಗಳಿಗೆಂದು ಮೀಸಲಿಟ್ಟು, ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕರೆದರು. 1941ರಲ್ಲಿ ಅದನ್ನು ಎಂಟುನೂರಕ್ಕೆ ವಿಸ್ತರಿಸಿದರು. 1973ರಲ್ಲಿ ಭಾರತ ಸರ್ಕಾರವು ಹುಲಿ ಯೋಜನೆಯನ್ನು ಆರಂಭಿಸಿದಾಗ ಆರಿಸಿದ ಮೊದಲ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದು. ಅದಕ್ಕೆ ಹಿಂದಿನ ವರ್ಷದ ಎಣಿಕೆಯಲ್ಲಿ ಇಡೀ ದೇಶದಲ್ಲಿದ್ದ ಹುಲಿಗಳು 1827. 2022ರ ಅಂದಾಜಿನಲ್ಲಿ ಕರ್ನಾಟಕವೊಂದರಲ್ಲಿಯೇ 563. ಅವುಗಳಲ್ಲಿ ಬಂಡೀಪುರದ ಪಾಲು 150. ಐವತ್ತು ವರ್ಷಗಳಲ್ಲಿ ಒಂದು ಜನತೆಯು ಕೈಜಾರಿದ್ದನ್ನು ಮರಳಿ ಪಡೆದ ಇಂತಹ ದೃಷ್ಟಾಂತಗಳು ನಮ್ಮಲ್ಲಿ ಹೆಚ್ಚಾಗಿಲ್ಲ.

ಅರಣ್ಯ ಇಲಾಖೆಯ ಬಸ್ಸಿನಲ್ಲಿ ಒಂದೂವರೆ ಗಂಟೆ ಸುತ್ತಿದೆವು. ಜಿಂಕೆಗಳ ಹಿಂಡು ಕಂಡಿತು. ಕೆರೆಯ ಏರಿಯ ಮೇಲೆ ಎರಡು ಕಾಟಿಗಳು, ಬಿಳಿಯ ಕಾಲುಚೀಲ ತೊಟ್ಟಂತೆ, ನಮ್ಮನ್ನು ಲೆಕ್ಕಿಸದೆ ನಿಂತಿದ್ದುವು. ಮೂರು ಸೀಳುನಾಯಿಗಳು ದಾರಿಯನ್ನು ದಾಟಿದುವು. ಇವುಗಳನ್ನು ಕಾಣಲು ಪರದೇಶಗಳಿಂದ ಬರುವವರುಂಟು. ಒಮ್ಮೆ ಮರದ ಮೇಲಿನ ಮುಸುವವು ಕೆಮ್ಮಿದಂತೆ ಕೂಗಿತು, ಜಿಂಕೆಗಳು ಬಾಲವೆತ್ತಿ ಸ್ತಬ್ಧವಾದುವು. ನಮ್ಮ ತರುಣನು ತುಟಿಯ ಮೇಲೆ ಬೆರಳಿಟ್ಟು, ಹುಲಿಯು ಸಮೀಪದಲ್ಲಿದೆಯೆಂದು ಸನ್ನೆ ಮಾಡಿದನು. ಹತ್ತು ನಿಮಿಷ ಕಾದೆವು. ಹುಲಿಯು ಬರಲಿಲ್ಲ. ಬಸ್ಸಿನಲ್ಲಿ ಅಸಮಾಧಾನವು ಎದ್ದಿತು. ಜಯನಗರದ ಮಹಾಶಯರು ದುರ್ಬೀನನ್ನು ಚೀಲದೊಳಗಿಟ್ಟು, “ಇದಕ್ಕೆ ಹಣವನ್ನು ಹಿಂದಕ್ಕೆ ಕೊಡುವ ನಿಯಮವಿಲ್ಲವೇ?” ಎಂದು ಕೇಳಿದರು. ಅವರು ಪರಿಹಾಸ್ಯಕ್ಕಾಗಿ ಕೇಳಿದವರಲ್ಲ.

ಅದೇ ವೇಳೆಯಲ್ಲಿ ಆ ತರುಣನು ಕಿಟಕಿಯಾಚೆಗೆ ಕೈದೋರಿ ಒಂದು ಪೊದೆಯನ್ನು ತೋರಿಸುತ್ತಿದ್ದನು. ಕೇಳಿದವರು ನಾವಿಬ್ಬರು ಮೂವರು. ದಾರಿಯ ಎರಡೂ ಬದಿಯಲ್ಲಿ ಆಳೆತ್ತರಕ್ಕೆ ಹಬ್ಬಿದ್ದ ಆ ಪೊದೆಯೇ ಲಂಟಾನ. ಅಮೆರಿಕ ಖಂಡದಿಂದ ಹೂವಿನ ಚೆಲುವಿಗಾಗಿ ತೋಟಗಳಿಗೆ ತಂದ ಗಿಡವದು. ತೋಟದ ಬೇಲಿಯನ್ನು ಹಾರಿ, ಹಕ್ಕಿಗಳ ಹೊಟ್ಟೆಯಲ್ಲಿ ಬೀಜವಾಗಿ ಸಂಚರಿಸಿ, ಇಂದು ಈ ಕಾಡಿನ ತಳವನ್ನು ಬಹುವಾಗಿ ಆಕ್ರಮಿಸಿರುವುದು. ಅದರ ಎಲೆ ವಿಷ. ಜಿಂಕೆ, ಕಾಟಿ, ಆನೆಗಳು ಮುಟ್ಟವು. ಅದು ಬೆಳೆದೆಡೆಯಲ್ಲಿ ಹುಲ್ಲು ಏಳದು. ಹುಲ್ಲು ಹೋದರೆ ಮೇಯುವ ಮೃಗವು ಹೊಲಗಳ ಕಡೆಗೆ ತಿರುಗುವುದು, ಅದರ ಬೆನ್ನ ಹಿಂದೆ ಹುಲಿಯೂ ತಿರುಗುವುದು. “ನಮ್ಮಪ್ಪ ರಾತ್ರಿಯೆಲ್ಲ ಎದ್ದಿರುವುದು ಈ ಗಿಡದಿಂದ” ಎಂದನು ಆ ಹುಡುಗ. ರಾಷ್ಟ್ರೀಯ ಉದ್ಯಾನವೆಂದರೇನು, ಅದಕ್ಕೆ ತಗುಲಿದ ರೋಗವೇನು ಎಂಬುದನ್ನು ಮೂರು ದಿನಗಳಲ್ಲಿ ನಮಗೆ ಯಾರಾದರೂ ಹೇಳಿದ್ದರೆ ಅದು ಈ ಎರಡು ನಿಮಿಷಗಳಲ್ಲಿ. ಬಸ್ಸಿನ ಉಳಿದವರು ಆಗ ಕಾಫಿಯ ವಿಚಾರದಲ್ಲಿದ್ದರು.

ನಾವು ಹಿಂದಿರುಗಿದ ಬಳಿಕ, 2025ರ ನವೆಂಬರಿನಲ್ಲಿ, ಸರಗೂರಿನ ಕಡೆಯಲ್ಲಿ ಹುಲಿಯ ದಾಳಿಗೆ ರೈತರು ಒಬ್ಬರ ಹಿಂದೊಬ್ಬರು ಬಲಿಯಾದರು. ಸರ್ಕಾರವು ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನು ಆಗ ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿಯ ಶೋಧಕ್ಕೆ ತೊಡಗಿಸಿತು. ಪ್ರವಾಸಿಗರ ವಾಹನಗಳ ಗಲಭೆಯಿಂದಲೇ ಮೃಗಗಳು ಹೊರಬರುತ್ತಿವೆಯೆಂದು ಹಳ್ಳಿಗರು ಹೇಳಿದರು. ಅಲ್ಲವೆಂದು ವಸತಿಗೃಹಗಳವರು ಹೇಳಿದರು. ಈ ವಾದದ ತೀರ್ಮಾನವು ವನ್ಯಜೀವಿಗಳನ್ನು ಬಲ್ಲ ಪಂಡಿತರಿಗೆ ಸೇರಿದ್ದು. ನಮ್ಮ ಮನಸ್ಸಿಗೆ ನಾಟಿದ ಸಂಗತಿ ಬೇರೆ. ನಾವು ಹುಲಿ ಕಾಣಲಿಲ್ಲವೆಂದು ದೂರಿದ ಅದೇ ಸೀಮೆಯಲ್ಲಿ, ಹುಲಿ ಕಾಣದಿರಲೆಂದು ಹರಕೆ ಹೊತ್ತು ಹೊಲಕ್ಕೆ ಹೋಗುವ ಜನರಿರುವರು.

ಉದಕಮಂಡಲದ ವಿಷಯವಾಗಿ ಹೆಚ್ಚು ಬರೆಯಬೇಕಾದುದಿಲ್ಲ. ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2024ರ ಮೇ ತಿಂಗಳಿಂದ ಹೊರಗಿನ ವಾಹನಗಳಿಗೆ ರಹದಾರಿಯು ಕಡ್ಡಾಯವಾಯಿತು. ಆದರೂ ಬೆಟ್ಟದ ಮೇಲೆ ಬೆಂಗಳೂರಿನ ನೋಂದಣಿಯ ವಾಹನಗಳ ನಡುವೆ ನಾವು ಒಂದು ಗಂಟೆ ನಿಂತೆವು. ಮಾರುಕಟ್ಟೆಯಲ್ಲಿ ಗಜ್ಜರಿ ಮಾರುತ್ತಿದ್ದ ಬಡಗರ ಅಜ್ಜಿಯೊಬ್ಬಳ ಮಾತು ನಮ್ಮ ಹೆಂಗಸರಿಗೆ ಅರ್ಧಕ್ಕಿಂತ ಹೆಚ್ಚಾಗಿ ತಿಳಿಯಿತು. “ಇದು ನಮ್ಮ ಕನ್ನಡವೇ ಅಲ್ಲವೇ!” ಎಂದು ಜಯನಗರದ ಗೃಹಿಣಿಯು ಬೆರಗಾದರು. ಬಡಗ ಭಾಷೆಯು ಕನ್ನಡದ ಒಡಹುಟ್ಟು. ಇದೂ ನಮ್ಮ ಕಾರ್ಯಕ್ರಮದ ಪಟ್ಟಿಯಲ್ಲಿರಲಿಲ್ಲ.

ಮೂರನೆಯ ದಿನ ಚಾಕೊಲೇಟಿನ ಅಂಗಡಿಗಳಲ್ಲಿ ಹೊತ್ತು ಕಳೆದು ಹೊರಟಾಗ ಮಾರ್ಗದರ್ಶಿಯ ಮುಖವು ಬಾಡಿತ್ತು. ಕಾರಣವು ಬಸ್ಸಿನಲ್ಲಿ ಹಲವರಿಗೆ ತಿಳಿಯದು. ಬಂಡೀಪುರದ ಅರಣ್ಯವನ್ನು ಸೀಳಿ ಹೋಗುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ, ಒಂದು ವಯನಾಡಿಗೆ, ಒಂದು ನೀಲಗಿರಿಗೆ, ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. 2010ರಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ರೋಗಿಗಳ ವಾಹನಗಳಿಗೂ ಕೆಲವೇ ಸರ್ಕಾರಿ ಬಸ್ಸುಗಳಿಗೂ ವಿನಾಯಿತಿ. ಉಳಿದವರು ಗೇಟು ಮುಚ್ಚುವ ಮೊದಲು ಸೇರದಿದ್ದರೆ ಬೆಳಗಿನವರೆಗೆ ಅಲ್ಲಿಯೇ ಇರಬೇಕು. ಗೂಡಲೂರಿನ ಘಟ್ಟವನ್ನಿಳಿಯುತ್ತಿರಲು ಈ ಸುದ್ದಿಯು ಹರಡಿ, ಬಸ್ಸಿನಲ್ಲಿ ದೊಡ್ಡ ಚರ್ಚೆಯಾಯಿತು. ಇದೆಂತಹ ಕಾನೂನು, ಹೆದ್ದಾರಿಯೆಂದರೆ ಹಗಲು ರಾತ್ರಿ ತೆರೆದಿರಬೇಕಲ್ಲವೇ, ಎಂದರು ಕೆಲವರು. ಗೇಟಿನಲ್ಲಿ ಏನಾದರೂ ಕೊಟ್ಟರಾಗದೇ, ಎಂದರು ಒಬ್ಬರು. ಇವರು ಬಸ್ಸನ್ನೇರಿದಂದಿನಿಂದಲೂ ದೇಶದಲ್ಲಿ ಲಂಚವು ಬೆಳೆದುದಕ್ಕೆ ಮರುಗುತ್ತಿದ್ದವರು. ವಯನಾಡಿನ ಜನಗಳಿಗೆ ಈ ನಿರ್ಬಂಧದಿಂದ ನಿಜವಾದ ತೊಂದರೆಯಿದೆ. ಮೈಸೂರಿನ ಆಸ್ಪತ್ರೆ, ಪೇಟೆಗಳನ್ನು ನಂಬಿದ ಅವರು 2019ರಲ್ಲಿ ಉಪವಾಸ ಸತ್ಯಾಗ್ರಹವನ್ನೂ ಮಾಡಿದರು. ಅವರ ಅಹವಾಲನ್ನು ತಾತ್ಸಾರ ಮಾಡಲಾಗದು. ಚಾಕೊಲೇಟಿಗಾಗಿ ತಡಮಾಡಿದವರ ಅಹವಾಲು ಬೇರೆ.

ತೊರಪಳ್ಳಿಯ ಚೆಕ್‌ಪೋಸ್ಟನ್ನು ಎಂಟೂ ಕಾಲಿಗೆ ದಾಟಿದೆವು. ಮುದುಮಲೆಯು ಮುಗಿದು ಕರ್ನಾಟಕದ ಗಡಿಯು ಬರುವ ಹೊತ್ತಿಗೆ ಡ್ರೈವರನು ಬಸ್ಸನ್ನು ತಟಕ್ಕನೆ ನಿಲ್ಲಿಸಿ, ಒಳಗಿನ ದೀಪಗಳನ್ನು ಆರಿಸಿದನು. ದಾರಿಯ ಬದಿಯ ಕತ್ತಲೆಯು ಕದಲಿತು. ಮೊದಲು ಒಂದು ದೊಡ್ಡ ಹೆಣ್ಣಾನೆ, ಅದರ ಹೊಟ್ಟೆಯ ಕೆಳಗೆ ಒಂದು ಮರಿ, ಅದರ ಹಿಂದೆ ಮತ್ತೆ ನಾಲ್ಕು. ಹೆಣ್ಣಾನೆಯು ನಡುರಸ್ತೆಯಲ್ಲಿ ನಮ್ಮ ಕಡೆಗೆ ತಿರುಗಿ ನಿಂತು, ಮರಿಯು ದಾಟುವವರೆಗೂ ಕದಲಲಿಲ್ಲ. ಮೂವತ್ತೆಂಟು ಮಂದಿಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಫೋಟೋ ತೆಗೆಯುವುದೂ ಮರೆತುಹೋಯಿತು. ಹಿಂಡು ಬಿದಿರಿನೊಳಗೆ ಕರಗಿದ ಮೇಲೆ ಡ್ರೈವರನು, ಒಂಬತ್ತಾದ ಮೇಲೆ ದಾರಿಯು ಪೂರ್ತಿ ಇವುಗಳದು, ಈಗಿನ್ನೂ ನಮ್ಮದೇ ಸರದಿ, ಎಂದು ನಗುತ್ತ ಗೇರು ಹಾಕಿದನು. ಆ ಮರಿಯ ಜಾಗದಲ್ಲಿ ಈರುಳ್ಳಿಯ ಲಾರಿಗಳು ರಾತ್ರಿಯೆಲ್ಲ ಸಾಲಾಗಿ ಓಡುತ್ತಿದ್ದ ಕಾಲವನ್ನು ನೆನೆದರೆ, ಕಾನೂನಿನ ಔಚಿತ್ಯವನ್ನು ವಾದದಿಂದ ಸ್ಥಾಪಿಸಬೇಕಾದುದಿಲ್ಲ. ಅಲ್ಲಿಂದ ಮುಂದೆ ಬಸ್ಸಿನಲ್ಲಿ ಆ ಕಾನೂನನ್ನು ಯಾರೂ ಹಳಿಯಲಿಲ್ಲ.

ಪ್ರವಾಸವು ಇಲ್ಲಿಗೆ ಮುಗಿಯಿತೆನ್ನಬಹುದಾಗಿದ್ದಿತು. ಆದರೆ ಮಂಡ್ಯದ ಸಮೀಪದಲ್ಲಿ, ಎಲ್ಲರೂ ತೂಕಡಿಸುತ್ತಿರಲು, ಜಯನಗರದ ಮಹಾಶಯರು ಮಾರ್ಗದರ್ಶಿಯನ್ನು ಹತ್ತಿರಕ್ಕೆ ಕರೆದು, “ಅಪ್ಪಾ, ಆರಡಿ ಎತ್ತರದ ಕಾಂಪೌಂಡನ್ನು ಆನೆಯು ದಾಟಬಲ್ಲುದೇ?” ಎಂದು ಕೇಳಿದರು. ಬನ್ನೇರುಘಟ್ಟದ ಆಚೆಗೆ ಮಗನಿಗಾಗಿ ಸೈಟನ್ನು ಕೊಂಡಿರುವರಂತೆ. ಮನೆಯಿಂದಲೇ ಕಾಡಿನ ನೋಟವೆಂದು ದಲ್ಲಾಳಿಯು ಹೇಳಿದ್ದನಂತೆ. ರಾತ್ರಿ ಆನೆಗಳು ಬರುವುವೆಂದು ಅಕ್ಕಪಕ್ಕದವರು ಈಗ ಹೇಳುತ್ತಿರುವರಂತೆ. “ದಾಟುವುದಿಲ್ಲ ಸ್ವಾಮಿ, ಕೆಡಹುತ್ತದೆ” ಎಂದನು ಹುಡುಗ.

ಬನ್ನೇರುಘಟ್ಟದ ರಸ್ತೆಯನ್ನು ನಮ್ಮ ವಾಚಕರಲ್ಲಿ ಅರಿಯದವರಾರು? ಡೇರಿ ಸರ್ಕಲಿನಿಂದ ಹೊರಟು, ಜಯದೇವ ಆಸ್ಪತ್ರೆ, ಬಿ. ಟಿ. ಎಂ. ಬಡಾವಣೆ, ಜೆ. ಪಿ. ನಗರಗಳ ಅಂಚನ್ನು ಸವರಿ, ಹುಳಿಮಾವು, ಗೊಟ್ಟಿಗೆರೆಗಳನ್ನು ಹಾದು ಹೋಗುವ ಈ ದಾರಿಯ ತುದಿಯಲ್ಲಿಯೂ ಒಂದು ರಾಷ್ಟ್ರೀಯ ಉದ್ಯಾನವಿದೆ. 1974ರಲ್ಲಿ ಘೋಷಿತವಾದುದು, ವಿಸ್ತೀರ್ಣ 260 ಚದರ ಕಿಲೋಮೀಟರಿಗೂ ಮಿಗಿಲು. ಭಾನುವಾರಗಳಂದು ಮಕ್ಕಳನ್ನು ಕರೆದೊಯ್ಯುವ ಮೃಗಾಲಯ, ಚಿಟ್ಟೆಗಳ ವನ ಮುಂತಾದುವು ಅದರ ಹೊಸ್ತಿಲು ಮಾತ್ರ. ಅದರ ಹಿಂದಿನ ಅರಣ್ಯವು ದಕ್ಷಿಣಕ್ಕೆ ಚಾಚಿ, ಕನಕಪುರದ ಸೀಮೆಯ ಮೂಲಕ ಕಾವೇರಿಯ ವನ್ಯಧಾಮದ ಕಡೆಗೂ, ಪೂರ್ವಕ್ಕೆ ತಮಿಳುನಾಡಿನ ಹೊಸೂರಿನ ಕಾಡುಗಳ ಕಡೆಗೂ ಸೇರುವುದು. ಆನೆಗಳು ಈ ದಾರಿಯಲ್ಲಿಯೇ ಬಂದು ಹೋಗುವುವು. ಕೆಲವೆಡೆ ಈ ದಾರಿಯ ಕೊರಳು ಬಹಳ ಕಿರಿದು. ಕರಡಿಕಲ್ಲು ಮಾದೇಶ್ವರದ ಆನೆದಾರಿಯು ಅಂತಹುದೊಂದು.

ಉದ್ಯಾನದ ಸುತ್ತ ಕಲ್ಲುಗಣಿ, ದೊಡ್ಡ ಕಟ್ಟಡಗಳನ್ನು ತಡೆಯುವುದಕ್ಕಾಗಿ ಪರಿಸರ ಸೂಕ್ಷ್ಮ ವಲಯವೆಂಬ ಒಂದು ಪಟ್ಟಿಯನ್ನು ಗುರುತಿಸುವರು. 2016ರ ಕರಡಿನಲ್ಲಿ ಬನ್ನೇರುಘಟ್ಟಕ್ಕೆ ಗುರುತಿಸಿದ್ದ ವಲಯವು 268.96 ಚದರ ಕಿಲೋಮೀಟರು. 2020ರ ಮಾರ್ಚಿಯ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ನೂರು ಚದರ ಕಿಲೋಮೀಟರು ಕಾಗದದ ಮೇಲೆ ಕರಗಿಹೋಯಿತು! ಈ ಕಾಗದಗಳು ಯಾವ ಯಾವ ಮೇಜುಗಳನ್ನು ಹಾದುಹೋದುವೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ನಮ್ಮ ವಾಚಕರಲ್ಲಿಯೇ ಇರುವರು. ಬಂಡೀಪುರದಲ್ಲಿ ಆನೆಗಾಗಿ ಹೆದ್ದಾರಿಯನ್ನು ಮುಚ್ಚಿದ ನಾಡೇ, ರಾಜಧಾನಿಯ ಬಾಗಿಲಿನಲ್ಲಿ ಆನೆಯ ಅಂಗಳವನ್ನು ಕಿರಿದು ಮಾಡಿದುದು ನಮಗೆ ವಿಚಿತ್ರವಾಗಿ ತೋರುವುದು. ಬೈರಸಂದ್ರ, ತಾವರೆಕೆರೆ, ಮಡಿವಾಳಗಳಿಗೆ ಮೂರು ಅಕ್ಷರಗಳಾದರೂ ಉಳಿದುವು. ಈ ಕಾಡಿಗೆ ಬಡಾವಣೆಯ ಫಲಕದ ಮೇಲೆ ‘ಫಾರೆಸ್ಟ್ ವ್ಯೂ’ ಎಂಬ ಹೆಸರು ಈಗಾಗಲೇ ಬಂದಿದೆ.

ರಾತ್ರಿ ಒಂದು ಗಂಟೆಗೆ ಬನಶಂಕರಿಯಲ್ಲಿ ಇಳಿದೆವು. ಆಟೋ ಕಾಯುತ್ತಿರಲು ಆ ಮಹಾಶಯರು, ಸೈಟಿನ ವಿಷಯವನ್ನು ಮಗನೊಡನೆ ಮತ್ತೊಮ್ಮೆ ಮಾತನಾಡಬೇಕೆಂದರು. ಬನ್ನೇರುಘಟ್ಟದ ಕಾಡನ್ನು ತಾವು ಮೃಗಾಲಯದ ಗೇಟಿನಾಚೆಗೆ ಎಂದೂ ನೋಡಿಲ್ಲವೆಂದೂ ಒಪ್ಪಿಕೊಂಡರು. ಮೆಜೆಸ್ಟಿಕ್ಕಿನಿಂದ 365ನೆಯ ನಂಬರಿನ ಬಸ್ಸು ಅಲ್ಲಿಯವರೆಗೂ ಹೋಗುವುದಷ್ಟೆ, ಒಟ್ಟಿಗೆ ಹೋಗಿಬರೋಣವೆಂದೆವು. ಬರುವ ಮಂಗಳವಾರವಾದರೆ ತಮಗೆ ಅನುಕೂಲವೆಂದರು. ಮಂಗಳವಾರ ಉದ್ಯಾನಕ್ಕೆ ರಜೆ. ಬುಧವಾರವೆಂದು ಗೊತ್ತುಮಾಡಿದೆವು.